ನಡಾವಳಿ ಪುಸ್ತಕ ಯಾರ ಕಪಾಟಿನಲ್ಲಿದೆ? ಅಮೆರಿಕದ ನಿವೃತ್ತಿ ನಿಧಿ ಮೊಕದ್ದಮೆಗಳ ಒಳಸುಳಿ

ಒಂದೇ ರಾಜ್ಯ, ಒಂದೇ ಕಾನೂನು, ಹೆಚ್ಚುಕಡಿಮೆ ಒಂದೇ ಆರೋಪ. ಆದೇಶ ಮಾತ್ರ ಒಂದಕ್ಕೊಂದು ತದ್ವಿರುದ್ಧ. 2024ರ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಫೆಡರಲ್ ನ್ಯಾಯಾಲಯವೊಂದು, ಕ್ವಾಲ್‌ಕಾಮ್ ಕಂಪನಿ ತನ್ನ ನೌಕರರ ನಿವೃತ್ತಿ ನಿಧಿಯನ್ನು ನಡೆಸಿದ ರೀತಿಯ ಬಗ್ಗೆ ನೌಕರರ ಕಡೆಯಿಂದ ಹೂಡಿದ್ದ ದಾವೆ ಮುಂದುವರಿಯಲಿ ಎಂದಿತು. ಮರುತಿಂಗಳು ಅದೇ ರಾಜ್ಯದ ಇನ್ನೊಂದು ಫೆಡರಲ್ ನ್ಯಾಯಾಲಯ ಎಚ್‌ಪಿ ಕಂಪನಿಯ ಮೇಲಿನ ಅಂಥದ್ದೇ ದಾವೆಯನ್ನು ವಜಾ ಮಾಡಿತು. 2025ರ ಏಪ್ರಿಲ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಕಾರ್ನೆಲ್ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ಒಮ್ಮತದಿಂದ ನೌಕರರ ಪರ ತೀರ್ಪು ಕೊಟ್ಟಿತು. ಮೂರು ತಿಂಗಳಾಗುವಷ್ಟರಲ್ಲಿ, ನೌಕರರ ನಿವೃತ್ತಿ ಹಣದ ಕಾವಲಿಗೆಂದೇ ಇರುವ ಕಾರ್ಮಿಕ ಇಲಾಖೆ ಎಚ್‌ಪಿ ಪ್ರಕರಣದ ಮೇಲ್ಮನವಿಯಲ್ಲಿ ಕಂಪನಿಯ ಬೆಂಬಲಕ್ಕೆ ನಿಂತಿತು. ಆಗಸ್ಟ್‌ನಲ್ಲಿ ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ, ಇಂಥ ದಾವೆಗಳಿಗೆ ಕಡಿವಾಣ ಹಾಕುವ ದಾರಿ ಹುಡುಕುವಂತೆ ಅದೇ ಇಲಾಖೆಗೆ ಸೂಚಿಸಿತು.

ಕಾನೂನು ಹಾಗಾದರೆ ಯಾರ ಪರ ಇದೆ ಎಂಬ ಪ್ರಶ್ನೆ ಸಹಜ. ಅಮೆರಿಕದಲ್ಲಿ ದುಡಿಯುತ್ತಿರುವ ಕನ್ನಡಿಗರಿಗೂ, ಕೆಲವು ವರ್ಷ ದುಡಿದು ಬೆಂಗಳೂರಿಗೋ ಮೈಸೂರಿಗೋ ಮಂಗಳೂರಿಗೋ ಮರಳಿದವರಿಗೂ ಇದು ದೂರದ ಸುದ್ದಿಯಲ್ಲ. ಅವರ ಹಣವೂ ಇದೇ ನಿಧಿಗಳಲ್ಲಿದೆ.

ಈ ವ್ಯಾಜ್ಯಗಳನ್ನು ಲಾಭ ನಷ್ಟದ ಜಗಳ ಎಂದು ನೋಡಿದರೆ ತೀರ್ಪುಗಳು ಗೋಜಲಾಗಿಯೇ ಉಳಿಯುತ್ತವೆ. ನಿರ್ಧಾರ ತೆಗೆದುಕೊಂಡ ಹೊತ್ತಿಗೆ ಯಾರ ಹಿತ ಮನಸ್ಸಿನಲ್ಲಿತ್ತು, ಅದಕ್ಕೆ ಸಾಕ್ಷಿಯಾದ ಕಾಗದ ಯಾರ ಬಳಿ ಇದೆ, ಅದನ್ನು ಮೊದಲು ಹೊರತೆಗೆಯಬೇಕಾದವರು ಯಾರು? ಈ ಎಳೆ ಹಿಡಿದು ಹೊರಟರೆ ಗಂಟು ಬಿಚ್ಚುತ್ತಾ ಹೋಗುತ್ತದೆ.

ಪಿಂಚಣಿಯಿಂದ 401(ಕೆ)ವರೆಗೆ

1963ರ ಡಿಸೆಂಬರ್‌ನಲ್ಲಿ ಸ್ಟುಡೆಬೇಕರ್ ಎಂಬ ಕಾರು ಕಂಪನಿ ಇಂಡಿಯಾನಾದ ಸೌತ್ ಬೆಂಡ್ ಊರಿನ ಕಾರ್ಖಾನೆಗೆ ಬೀಗ ಹಾಕುವುದಾಗಿ ಪ್ರಕಟಿಸಿತು. ಪಿಂಚಣಿ ನಿಧಿಯಲ್ಲಿ ಸಾಕಷ್ಟು ಹಣ ಇರಲಿಲ್ಲ. 60 ದಾಟಿದವರಿಗೆ ಪೂರ್ತಿ ಪಿಂಚಣಿ ಸಿಕ್ಕಿತು. ಅದಕ್ಕಿಂತ ಕಿರಿಯರಾದ ಸಾವಿರಾರು ಕೆಲಸಗಾರರಿಗೆ ಸಿಕ್ಕಿದ್ದು ತಮಗೆ ಬರಬೇಕಾದುದರ ಸುಮಾರು ಶೇ 15ರಷ್ಟು. 40ಕ್ಕಿಂತ ಕಡಿಮೆ ವಯಸ್ಸಿನವರಿಗೆ ಬಿಡಿಗಾಸೂ ಬರಲಿಲ್ಲ. ಈ ಘಟನೆ ಎಬ್ಬಿಸಿದ ಕೂಗು ಹತ್ತು ವರ್ಷದ ನಂತರ ಕಾನೂನಾಯಿತು. 1974ರ ಸೆಪ್ಟೆಂಬರ್ 2ರಂದು, ಅಮೆರಿಕದ ಕಾರ್ಮಿಕರ ದಿನ, ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ಆ ಕಾಯ್ದೆಯನ್ನು ಎಲ್ಲರೂ ಕರೆಯುವುದು ಎರಿಸಾ ಎಂದು.

ಎರಿಸಾ ಬಂದಾಗ ಪಿಂಚಣಿ ಎಂದರೆ ಕಂಪನಿ ಕೊಡುವ ಮಾಸಿಕ ಹಣ. ಮಾರುಕಟ್ಟೆ ಏಳಲಿ ಬೀಳಲಿ, ಹೊಣೆ ಕಂಪನಿಯದು. 1978ರಲ್ಲಿ ತೆರಿಗೆ ಕಾನೂನಿಗೆ ಸೇರಿದ 401(ಕೆ) ಎಂಬ ಪುಟ್ಟ ಉಪಕಲಮು ಈ ಲೆಕ್ಕವನ್ನೇ ಬದಲಿಸಿತು. ನೌಕರ ಸಂಬಳದ ಒಂದು ಪಾಲನ್ನು ತನ್ನ ಖಾತೆಗೆ ಹಾಕುತ್ತಾನೆ, ಕಂಪನಿ ಅದಕ್ಕೆ ಒಂದಿಷ್ಟು ಸೇರಿಸುತ್ತದೆ, ಹಣ ಮ್ಯೂಚುವಲ್ ಫಂಡ್‌ಗಳಿಗೆ ಹೋಗುತ್ತದೆ. ಕೊನೆಗೆ ಎಷ್ಟು ಉಳಿಯುತ್ತದೋ ಅಷ್ಟೇ ನಿವೃತ್ತಿಯ ಗಂಟು. ಇಂದು ಸುಮಾರು 7 ಕೋಟಿ ನೌಕರರ 8 ಲಕ್ಷ ಕೋಟಿ ಡಾಲರ್‌ಗೂ ಹೆಚ್ಚು ಹಣ ಇಂಥ ಖಾತೆಗಳಲ್ಲಿದೆ.

ನಮ್ಮ ಪಿಎಫ್‌ಗೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಪಿಎಫ್‌ನಲ್ಲಿ ಬಡ್ಡಿ ದರವನ್ನು ಸರ್ಕಾರ ಘೋಷಿಸುತ್ತದೆ. ಚಂದಾದಾರ ಫಂಡ್ ಆರಿಸುವ ಪ್ರಶ್ನೆಯೇ ಇಲ್ಲ. ಇನ್ಫೊಸಿಸ್‌ನಂತೆ ಸ್ವಂತ ಪಿಎಫ್ ಟ್ರಸ್ಟ್ ನಡೆಸುವ ಕಂಪನಿಗಳೂ ಸರ್ಕಾರ ಹೇಳಿದ ದರಕ್ಕಿಂತ ಕಡಿಮೆ ಗಳಿಸಿದರೆ ಕೊರತೆಯನ್ನು ಕೈಯಿಂದ ತುಂಬಬೇಕು. 401(ಕೆ)ಯಲ್ಲಿ ಕೊರತೆ ತುಂಬುವವರು ಯಾರೂ ಇಲ್ಲ. ಯಾವ ಫಂಡ್‌ಗಳು ಪಟ್ಟಿಯಲ್ಲಿರಬೇಕು, ಲೆಕ್ಕಪತ್ರ ಯಾರು ನೋಡಬೇಕು, ಅವರಿಗೆ ಎಷ್ಟು ಕೊಡಬೇಕು ಎಂದು ಕಂಪನಿ ತೀರ್ಮಾನಿಸುತ್ತದೆ. ಆ ತೀರ್ಮಾನದ ಫಲ ಉಣ್ಣುವವನು ನೌಕರ. ಮೊಕದ್ದಮೆಗಳೆಲ್ಲ ಹುಟ್ಟುವುದು ಈ ಬಿರುಕಿನಲ್ಲಿ.

ಕಟ್ಟುವಾಗ ಮಾಲೀಕ, ನಡೆಸುವಾಗ ವಿಶ್ವಸ್ತ

ಎರಿಸಾದ ಕೇಂದ್ರದಲ್ಲಿರುವ ಪದ ಫಿಡ್ಯೂಷಿಯರಿ. ಕನ್ನಡದಲ್ಲಿ ವಿಶ್ವಸ್ತ ಎನ್ನಬಹುದು: ಇನ್ನೊಬ್ಬರು ನಂಬಿ ಕೈಗಿಟ್ಟ ಗಂಟನ್ನು ಅವರಿಗಾಗಿಯೇ ಕಾಯುವವನು. ಕಂಪನಿಯಲ್ಲಿ ಈ ಹೊಣೆ ಸಾಮಾನ್ಯವಾಗಿ ಒಂದು ಸಮಿತಿಯದು. ಹಣಕಾಸು ಮುಖ್ಯಸ್ಥರು, ಮಾನವ ಸಂಪನ್ಮೂಲ ವಿಭಾಗದವರು, ಒಬ್ಬಿಬ್ಬರು ಹಿರಿಯ ಅಧಿಕಾರಿಗಳು ಮೂರು ತಿಂಗಳಿಗೊಮ್ಮೆ ಸೇರಿ ಫಂಡ್‌ಗಳ ಪಟ್ಟಿ ನೋಡುತ್ತಾರೆ, ಸಲಹೆಗಾರರ ಮಾತು ಕೇಳುತ್ತಾರೆ, ನಡಾವಳಿ ಬರೆದಿಡುತ್ತಾರೆ.

ಕಾನೂನು ಇವರ ಮೇಲೆ ಹೊರಿಸಿರುವ ಹೊಣೆಗಳಲ್ಲಿ ಎರಡು ಮುಖ್ಯ. ಒಂದು ನಿಷ್ಠೆ: ನಿಧಿಯ ವಿಷಯದಲ್ಲಿ ನೌಕರರ ಮತ್ತು ಅವರ ಕುಟುಂಬದವರ ಹಿತವೊಂದೇ ಗುರಿಯಾಗಿರಬೇಕು. ಇನ್ನೊಂದು ವಿವೇಕ: ಈ ಕೆಲಸ ಬಲ್ಲ ಎಚ್ಚರದ ಮನುಷ್ಯ ಅದೇ ಸಂದರ್ಭದಲ್ಲಿ ಹೇಗೆ ನಡೆದುಕೊಳ್ಳುತ್ತಿದ್ದನೋ ಹಾಗೆ ನಡೆದುಕೊಳ್ಳಬೇಕು. ತಪ್ಪಿದರೆ ನಷ್ಟವನ್ನು ಸಮಿತಿಯ ಸದಸ್ಯರೇ ಸ್ವಂತ ಆಸ್ತಿಯಿಂದ ತುಂಬಿಕೊಡುವ ಹೊಣೆ ಇದೆ.

ಗೊಂದಲ ಶುರುವಾಗುವ ಜಾಗ ಇಲ್ಲಿದೆ. ಸಮಿತಿಯಲ್ಲಿ ಕೂರುವವರು ಕಂಪನಿಯ ಸಂಬಳದವರು. ಬೆಳಿಗ್ಗೆ ಕಂಪನಿಯ ಖರ್ಚು ಇಳಿಸುವ ಸಭೆ, ಮಧ್ಯಾಹ್ನ ನೌಕರರ ಹಿತ ಕಾಯುವ ಸಭೆ. ಕಾನೂನು ಇದನ್ನು ಬೇಕೆಂದೇ ಒಪ್ಪಿಕೊಂಡಿದೆ, ಆದರೆ ಒಂದು ಗೆರೆ ಎಳೆದಿದೆ. ಯೋಜನೆ ಇರಬೇಕೇ ಬೇಡವೇ, ಕಂಪನಿ ಎಷ್ಟು ಪಾಲು ಹಾಕಬೇಕು ಎಂದು ತೀರ್ಮಾನಿಸುವಾಗ ಕಂಪನಿ ಮಾಲೀಕನಂತೆ ತನ್ನ ಲಾಭ ನೋಡಬಹುದು. ಯೋಜನೆ ಜಾರಿಗೆ ಬಂದ ಮೇಲೆ ಅದನ್ನು ನಡೆಸುವಾಗ ಮಾತ್ರ ವಿಶ್ವಸ್ತನಂತೆ ನಡೆಯಬೇಕು. ಯಾವ ನಿರ್ಧಾರ ಗೆರೆಯ ಈಚೆ, ಯಾವುದು ಆಚೆ? ವಕೀಲರ ವಾದದ ಅರ್ಧಭಾಗ ಇದರ ಮೇಲೆಯೇ ನಡೆಯುತ್ತದೆ.

ಇನ್ನೊಂದು ಮಾತು ನೆನಪಿಡಬೇಕು. ಫಂಡ್ ನಷ್ಟ ಮಾಡಿತು ಎಂಬುದಷ್ಟೇ ತಪ್ಪಲ್ಲ. ನ್ಯಾಯಾಲಯ ಕೇಳುವುದು ಫಲಿತಾಂಶವನ್ನಲ್ಲ, ಅಲ್ಲಿಗೆ ತಲುಪಿದ ದಾರಿಯನ್ನು. ಹೋಲಿಸಿ ನೋಡಿದಿರಾ, ಬೇರೆ ದರಪಟ್ಟಿ ತರಿಸಿದಿರಾ, ಕೆಟ್ಟ ಫಂಡ್ ಪಟ್ಟಿಯಲ್ಲಿ ಉಳಿದದ್ದೇಕೆ? ಉತ್ತರ ಇರುವುದು ನಡಾವಳಿಯಲ್ಲಿ. ನಡಾವಳಿ ಇರುವುದು ಕಂಪನಿಯ ಕಪಾಟಿನಲ್ಲಿ.

ಒಂದು ಶೇಕಡಾದ ತೂಕ

ಬಹುಪಾಲು ದಾವೆಗಳ ಮೂಲ ಆರೋಪ ಶುಲ್ಕದ್ದು. ಅರ್ಧವೋ ಒಂದೋ ಶೇಕಡಾ ಹೆಚ್ಚು ಶುಲ್ಕಕ್ಕೆ ಇಷ್ಟು ದೊಡ್ಡ ಜಗಳವೇ ಎನಿಸಬಹುದು. ಅಮೆರಿಕದ ಕಾರ್ಮಿಕ ಇಲಾಖೆಯೇ ನೌಕರರಿಗಾಗಿ ಮಾಡಿಕೊಟ್ಟ ಲೆಕ್ಕವೊಂದಿದೆ. ಖಾತೆಯಲ್ಲಿ 25,000 ಡಾಲರ್ ಇದೆ, ನಿವೃತ್ತಿಗೆ 35 ವರ್ಷವಿದೆ, ಹೊಸದಾಗಿ ಹಣ ಹಾಕುವುದಿಲ್ಲ, ಗಳಿಕೆ ವರ್ಷಕ್ಕೆ ಶೇ 7. ಶುಲ್ಕ ಶೇ 0.5 ಇದ್ದರೆ ಕೊನೆಗೆ ಕೈಗೆ ಬರುವುದು ಸುಮಾರು 2,27,000 ಡಾಲರ್. ಶೇ 1.5 ಇದ್ದರೆ ಸುಮಾರು 1,63,000. ಕಾಗದದ ಮೇಲೆ ಒಂದೇ ಶೇಕಡಾದ ಅಂತರ, ಮುಪ್ಪಿನಲ್ಲಿ 28 ಶೇಕಡಾದ ಕೊರತೆ. ಹನಿಗೂಡಿದರೆ ಹಳ್ಳ ಎಂಬ ಮಾತು ಸೋರಿಕೆಗೂ ಅಷ್ಟೇ ಸಲ್ಲುತ್ತದೆ.

ಸೋರಿಕೆ ಹೇಗಾಗುತ್ತದೆ ಎಂಬುದಕ್ಕೆ ಎಡಿಸನ್ ಇಂಟರ್‌ನ್ಯಾಷನಲ್ ಎಂಬ ವಿದ್ಯುತ್ ಕಂಪನಿಯ ಪ್ರಕರಣ ಒಳ್ಳೆಯ ಉದಾಹರಣೆ. ನೌಕರರ ಪಟ್ಟಿಯಲ್ಲಿದ್ದ ಕೆಲವು ಫಂಡ್‌ಗಳಿಗೆ ಎರಡು ದರವಿತ್ತು: ಬಿಡಿ ಗಿರಾಕಿಗಳಿಗೆ ಒಂದು, ದೊಡ್ಡ ಸಂಸ್ಥೆಗಳಿಗೆ ಇನ್ನೊಂದು. ಅದೇ ಫಂಡ್, ಅದೇ ವ್ಯವಸ್ಥಾಪಕ, ಅದೇ ಷೇರುಗಳು. ಸಗಟು ದರದಲ್ಲಿ ಸಿಗಬಹುದಾದದ್ದನ್ನು ಚಿಲ್ಲರೆ ದರದಲ್ಲಿ ಕೊಂಡಿದ್ದರು. ನಮ್ಮಲ್ಲಿ ಒಂದೇ ಮ್ಯೂಚುವಲ್ ಫಂಡ್‌ನ ಡೈರೆಕ್ಟ್ ಮತ್ತು ರೆಗ್ಯುಲರ್ ಯೋಜನೆಗಳ ನಡುವೆ ಇರುವ ಅಂತರವನ್ನು ಕಂಡವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಕಂಪನಿ ಹೇಳಿದ್ದು, ಈ ಫಂಡ್‌ಗಳಲ್ಲಿ ಕೆಲವನ್ನು ಸೇರಿಸಿದ್ದು 1999ರಲ್ಲಿ, ದಾವೆ ಹೂಡಿದ್ದು 2007ರಲ್ಲಿ, ಆರು ವರ್ಷದ ಗಡುವು ಮುಗಿದಿದೆ ಎಂದು. 2015ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಫಂಡ್ ಆರಿಸಿದ ದಿನಕ್ಕೆ ವಿಶ್ವಸ್ತನ ಕೆಲಸ ಮುಗಿಯುವುದಿಲ್ಲ. ಕಾಲಕಾಲಕ್ಕೆ ನೋಡಿ ಕೆಟ್ಟದ್ದನ್ನು ತೆಗೆಯುವುದೂ ಅವನ ಕರ್ತವ್ಯ ಎಂದಿತು.

ಈ ಬಗೆಯ ದಾವೆಗಳು ಒಟ್ಟಾಗಿ ಶುರುವಾದದ್ದು 2006ರಲ್ಲಿ, ಸೇಂಟ್ ಲೂಯಿಸ್‌ನ ವಕೀಲ ಜೆರೋಮ್ ಶ್ಲಿಕ್ಟರ್ ದೊಡ್ಡ ಕಂಪನಿಗಳ ಮೇಲೆ ಸಾಲಾಗಿ ಮೊಕದ್ದಮೆ ಹೂಡಿದಾಗ. 2015ರಲ್ಲಿ ಲಾಕ್‌ಹೀಡ್ ಮಾರ್ಟಿನ್ 6.2 ಕೋಟಿ ಡಾಲರ್‌ಗೆ, ಬೋಯಿಂಗ್ 5.7 ಕೋಟಿಗೆ ರಾಜಿಯಾದವು. ಎಬಿಬಿ ಪ್ರಕರಣ 5.5 ಕೋಟಿ ಡಾಲರ್‌ಗೆ ಮುಗಿದದ್ದು 2019ರಲ್ಲಿ. ದಾವೆ ಹೂಡಿದ ವರ್ಷ ಹುಟ್ಟಿದ ಮಗು ಅಷ್ಟು ಹೊತ್ತಿಗೆ ಹೈಸ್ಕೂಲು ಸೇರಿತ್ತು.

ನಂತರ ಸರದಿ ವಿಶ್ವವಿದ್ಯಾಲಯಗಳದ್ದು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಎರಡು ಯೋಜನೆಗಳಲ್ಲಿ ಸೇರಿ 400ಕ್ಕೂ ಹೆಚ್ಚು ಫಂಡ್‌ಗಳಿದ್ದವು. ಅಗ್ಗದವೂ ಇದ್ದವಲ್ಲ, ನೌಕರರು ಅವನ್ನೇ ಆರಿಸಿಕೊಳ್ಳಬಹುದಿತ್ತಲ್ಲ ಎಂದು ಕೆಳಗಿನ ಕೋರ್ಟು ದಾವೆಯನ್ನು ತಳ್ಳಿಹಾಕಿತ್ತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ಸರಿಪಡಿಸಿತು: ಒಳ್ಳೆಯ ಆಯ್ಕೆಗಳಿವೆ ಎಂಬುದು ಕೆಟ್ಟ ಆಯ್ಕೆಗಳನ್ನು ಪಟ್ಟಿಯಲ್ಲಿ ಉಳಿಸಿದ್ದಕ್ಕೆ ಸಮರ್ಥನೆಯಾಗದು.

ಬಾಗಿಲಲ್ಲೇ ತೀರುವ ವ್ಯಾಜ್ಯ

ಕಾರ್ನೆಲ್ ತೀರ್ಪಿನ ಮಹತ್ವ ತಿಳಿಯಬೇಕಾದರೆ ಅಮೆರಿಕದ ಸಿವಿಲ್ ವ್ಯಾಜ್ಯ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡಬೇಕು. ದಾವೆ ಬಂದ ಕೂಡಲೇ ಪ್ರತಿವಾದಿ, ಇದರಲ್ಲಿ ಹುರುಳೇ ಇಲ್ಲ, ವಜಾ ಮಾಡಿ ಎಂದು ಅರ್ಜಿ ಹಾಕುತ್ತಾನೆ. ಸಾಕ್ಷ್ಯ ಇನ್ನೂ ಬಂದಿರುವುದಿಲ್ಲ. ದಾವೆಯಲ್ಲಿ ಬರೆದ ಸಂಗತಿಗಳೆಲ್ಲ ನಿಜವೆಂದು ಇಟ್ಟುಕೊಂಡು, ಇವುಗಳಿಂದ ಕಾನೂನು ಮುರಿದಂತಾಗುತ್ತದೆಯೇ ಎಂದಷ್ಟೇ ನ್ಯಾಯಾಧೀಶರು ನೋಡುತ್ತಾರೆ. ಈ ಹೊಸ್ತಿಲು ದಾಟಿದರೆ ಮುಂದಿನ ಹಂತದಲ್ಲಿ ಎದುರಾಳಿಯ ದಾಖಲೆಗಳನ್ನು ತರಿಸಿಕೊಳ್ಳುವ ಹಕ್ಕು ಸಿಗುತ್ತದೆ. ಸಮಿತಿಯ ನಡಾವಳಿ, ಇಮೇಲ್, ಸಲಹೆಗಾರರ ವರದಿ ಎಲ್ಲವೂ ಹೊರಬರುತ್ತವೆ. ಖರ್ಚು ಏರುತ್ತದೆ, ಮುಜುಗರದ ಭಯ ಸೇರಿಕೊಳ್ಳುತ್ತದೆ, ಕಂಪನಿಗಳು ರಾಜಿಗೆ ಬರುತ್ತವೆ. ಹಾಗಾಗಿ ಎರಡೂ ಕಡೆಯ ಬಲವೆಲ್ಲ ಬಾಗಿಲ ಬಳಿಯೇ ಪ್ರಯೋಗವಾಗುತ್ತದೆ.

ಕಾರ್ನೆಲ್ ನೌಕರರ ದೂರು, ಲೆಕ್ಕಪತ್ರ ನೋಡಿಕೊಳ್ಳಲು ಟಿಐಎಎ ಮತ್ತು ಫಿಡೆಲಿಟಿ ಸಂಸ್ಥೆಗಳಿಗೆ ನಿಧಿಯಿಂದ ಅತಿಯಾಗಿ ಶುಲ್ಕ ಹೋಗುತ್ತಿದೆ ಎಂಬುದು. ಎರಿಸಾದ ಒಂದು ಕಲಮು, ನಿಧಿಗೆ ಸೇವೆ ಕೊಡುವವರ ಜೊತೆ ವ್ಯವಹಾರವನ್ನೇ ನಿಷೇಧಿಸುತ್ತದೆ. ಇನ್ನೊಂದು ಕಲಮು, ಸೇವೆ ಅಗತ್ಯವಿದ್ದು ದರ ನ್ಯಾಯವಾಗಿದ್ದರೆ ವಿನಾಯಿತಿ ಕೊಡುತ್ತದೆ. ಲೆಕ್ಕಪತ್ರ ನೋಡುವವರಿಲ್ಲದೆ ಯಾವ ನಿಧಿಯೂ ನಡೆಯದು. ಆದ್ದರಿಂದ ನಿಜವಾದ ಪ್ರಶ್ನೆ ದರ ನ್ಯಾಯವೋ ಅಲ್ಲವೋ ಎಂಬುದೇ. ಅದನ್ನು ಮೊದಲು ಹೇಳಬೇಕಾದವರು ಯಾರು? ದರ ಅನ್ಯಾಯವೆಂದು ನೌಕರನೇ ದಾವೆಯಲ್ಲಿ ವಿವರಿಸಬೇಕು ಎಂದು ನ್ಯೂಯಾರ್ಕ್‌ನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಹೇಳಿತ್ತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ನ್ಯಾಯಮೂರ್ತಿ ಸೋನಿಯಾ ಸೊಟೊಮೇಯರ್ ಬರೆದ ತೀರ್ಪಿನ ತಿರುಳು ಸರಳ: ವಿನಾಯಿತಿ ಬೇಕೆನ್ನುವವನೇ ಅದಕ್ಕೆ ತಾನು ಅರ್ಹನೆಂದು ತೋರಿಸಬೇಕು. ಶುಲ್ಕ ವಿನಾಯಿತಿ ಕೇಳುವ ವಿದ್ಯಾರ್ಥಿ ಆದಾಯ ಪ್ರಮಾಣಪತ್ರ ತರುತ್ತಾನೆ. ಇವನಿಗೆ ವಿನಾಯಿತಿ ಸಲ್ಲದು ಎಂದು ಕಾಲೇಜು ಮೊದಲು ರುಜುವಾತು ಮಾಡಬೇಕಿಲ್ಲ.

ಈ ತೀರ್ಪು ಸರಿ ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಕಾಗದ ಇರುವವನು ಕಾಗದ ತೋರಿಸುವುದು ನ್ಯಾಯ. ಆದರೆ ಅದರ ಇನ್ನೊಂದು ಮುಖವನ್ನು ಕೋರ್ಟೇ ಮರೆಮಾಚಲಿಲ್ಲ. ನಿಧಿ ಇದೆ, ಅದಕ್ಕೆ ಸೇವೆ ಕೊಡುವವರಿದ್ದಾರೆ ಎಂದಷ್ಟು ಬರೆದರೆ ಯಾವ ಕಂಪನಿಯ ಮೇಲಾದರೂ ದಾವೆ ಬಾಗಿಲು ದಾಟಬಹುದು. ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ತೀರ್ಪಿಗೆ ಸಹಮತ ಕೊಟ್ಟರೂ ಈ ಅಪಾಯವನ್ನು ಪ್ರತ್ಯೇಕವಾಗಿ ಬರೆದಿಟ್ಟರು. ಹುರುಳಿಲ್ಲದ ದಾವೆ ತಡೆಯಲು ಕೆಳಗಿನ ನ್ಯಾಯಾಲಯಗಳಿಗೆ ಸೊಟೊಮೇಯರ್ ಕೆಲವು ಉಪಾಯಗಳನ್ನೂ ಸೂಚಿಸಿದರು: ವಿನಾಯಿತಿ ಯಾಕೆ ಸಲ್ಲದು ಎಂದು ಫಿರ್ಯಾದಿಯಿಂದ ಮೊದಲೇ ಉತ್ತರ ಪಡೆಯುವುದು, ದಾಖಲೆ ಪರಿಶೀಲನೆಗೆ ಮಿತಿ ಹಾಕುವುದು, ಪೊಳ್ಳು ದಾವೆಗೆ ಖರ್ಚು ಹೊರಿಸುವುದು. ಈ ಉಪಾಯಗಳನ್ನು ಎಷ್ಟು ಬಿಗಿಯಾಗಿ ಬಳಸುತ್ತಾರೆ ಎಂಬುದು ಒಬ್ಬೊಬ್ಬ ನ್ಯಾಯಾಧೀಶರಿಗೆ ಬಿಟ್ಟದ್ದು.

ಕೆಲಸ ಬಿಟ್ಟವರ ಪಾಲು ಎಲ್ಲಿಗೆ ಹೋಗುತ್ತದೆ

ಕ್ವಾಲ್‌ಕಾಮ್ ಮತ್ತು ಎಚ್‌ಪಿ ಪ್ರಕರಣಗಳ ವಿಷಯ ಬೇರೆ. ಇದು ವೀಸಾದ ಮೇಲೆ ಹೋದ ನಮ್ಮವರಿಗೆ ನೇರವಾಗಿ ತಟ್ಟುವಂಥದ್ದು.

401(ಕೆ)ಗೆ ನೌಕರ ಹಾಕಿದ ಹಣ ಮೊದಲ ದಿನದಿಂದಲೇ ಅವನದು. ಕಂಪನಿ ಹಾಕಿದ ಪಾಲು ಹಾಗಲ್ಲ. ಅದು ಪೂರ್ತಿ ತನ್ನದಾಗಲು ಇಂತಿಷ್ಟು ವರ್ಷ ಕೆಲಸ ಮಾಡಿರಬೇಕು ಎಂಬ ಷರತ್ತು ಹಾಕಬಹುದು. ಇದನ್ನೇ ವೆಸ್ಟಿಂಗ್ ಎನ್ನುತ್ತಾರೆ. ಕಾನೂನಿನ ಗರಿಷ್ಠ ಮಿತಿ ಒಂದೋ ಮೂರು ವರ್ಷಕ್ಕೆ ಒಮ್ಮೆಲೇ ಪೂರ್ತಿ ಹಕ್ಕು, ಇಲ್ಲವೇ ಎರಡನೇ ವರ್ಷದಿಂದ ಆರನೇ ವರ್ಷದವರೆಗೆ ಹಂತಹಂತವಾಗಿ. ವರ್ಷಕ್ಕೆ ಒಂದು ಲಕ್ಷ ಡಾಲರ್ ಸಂಬಳದ ಒಬ್ಬ ಎಂಜಿನಿಯರ್ ಎಂದಿಟ್ಟುಕೊಳ್ಳಿ. ಆಕೆ ಶೇ 6 ಹಾಕಿದರೆ ಕಂಪನಿ ಅದರ ಅರ್ಧ, ಅಂದರೆ ವರ್ಷಕ್ಕೆ 3,000 ಡಾಲರ್ ಸೇರಿಸುತ್ತದೆ. ಮೂರು ವರ್ಷದ ಷರತ್ತಿರುವ ಕಂಪನಿಯನ್ನು ಆಕೆ ಎರಡು ವರ್ಷ ಹತ್ತು ತಿಂಗಳಿಗೆ ಬಿಟ್ಟರೆ 8,500 ಡಾಲರ್ ಮತ್ತು ಅದರ ಮೇಲಿನ ಗಳಿಕೆ ಕೈತಪ್ಪುತ್ತದೆ. ಕೆಲಸ ಬದಲಿಸುತ್ತಲೇ ಇರುವ, ಇಲ್ಲವೇ ವೀಸಾ ತೊಡಕಿನಿಂದ ಹಠಾತ್ತನೆ ಮರಳಬೇಕಾಗುವ ತಂತ್ರಜ್ಞಾನ ಕ್ಷೇತ್ರದಲ್ಲಿ ಇದು ಅಪರೂಪವಲ್ಲ.

ಆ 8,500 ಡಾಲರ್ ನಿಧಿಯಲ್ಲೇ ಉಳಿಯುತ್ತದೆ. ಅದನ್ನು ಏನು ಮಾಡಬಹುದು? ನಿಧಿ ನಡೆಸುವ ಖರ್ಚಿಗೆ ಬಳಸಿದರೆ ಉಳಿದ ನೌಕರರ ಖಾತೆಯಿಂದ ಕಡಿತವಾಗುವ ಶುಲ್ಕ ಇಳಿಯುತ್ತದೆ. ಮುಂದಿನ ವರ್ಷ ಕಂಪನಿ ಹಾಕಬೇಕಾದ ಪಾಲಿಗೆ ವಜಾ ಹಾಕಿಕೊಂಡರೆ ಕಂಪನಿಯ ಹಣ ಉಳಿಯುತ್ತದೆ. ದಶಕಗಳಿಂದ ಬಹಳಷ್ಟು ಕಂಪನಿಗಳು ಎರಡನೆಯದನ್ನೇ ಮಾಡಿಕೊಂಡು ಬಂದಿವೆ. ತೆರಿಗೆ ಇಲಾಖೆಯೂ ಅದಕ್ಕೆ ಅಡ್ಡಿ ಹೇಳಿಲ್ಲ. 2023ರಿಂದ ಬಂದ ದಾವೆಗಳ ವಾದ ಹೀಗಿದೆ: ಎರಡರಲ್ಲಿ ಯಾವುದನ್ನಾದರೂ ಮಾಡಬಹುದೆಂದು ಯೋಜನೆಯ ದಾಖಲೆ ಹೇಳುವಾಗ, ಆರಿಸುವ ಅಧಿಕಾರ ವಿಶ್ವಸ್ತನದು. ವಿಶ್ವಸ್ತ ಆರಿಸಬೇಕಾದದ್ದು ನೌಕರರ ಹಿತವನ್ನು. ಪ್ರತಿ ಬಾರಿಯೂ ಕಂಪನಿಗೆ ಲಾಭವಾಗುವುದನ್ನೇ ಆರಿಸಿದ್ದರೆ ನಿಷ್ಠೆ ಎಲ್ಲಿ ಉಳಿಯಿತು?

ಕ್ವಾಲ್‌ಕಾಮ್ ಪ್ರಕರಣದ ನ್ಯಾಯಾಧೀಶರಿಗೆ ಈ ವಾದ ವಿಚಾರಣೆಗೆ ಅರ್ಹ ಎನಿಸಿತು. ಎಚ್‌ಪಿ ಪ್ರಕರಣದ ನ್ಯಾಯಾಧೀಶರು ಅದನ್ನು ಇನ್ನೊಂದು ತುದಿಯಿಂದ ನೋಡಿದರು. ಯೋಜನೆ ಭರವಸೆ ಕೊಟ್ಟಿದ್ದೆಲ್ಲವೂ ನೌಕರರಿಗೆ ಸಿಕ್ಕಿದೆ. ಭರವಸೆಯಲ್ಲೇ ಇಲ್ಲದ ಹೆಚ್ಚುವರಿ ಲಾಭವನ್ನು ಎರಿಸಾದ ಹೆಸರಿನಲ್ಲಿ ಸೃಷ್ಟಿಸಲಾಗದು. ಈ ವಾದವನ್ನು ಒಪ್ಪಿದರೆ ದಶಕಗಳ ಪದ್ಧತಿಯೇ ಅಪರಾಧವಾಗುತ್ತದೆ ಎಂದರು. 2025ರ ಜುಲೈನಲ್ಲಿ ಕಾರ್ಮಿಕ ಇಲಾಖೆ ಬೆಂಬಲಿಸಿದ್ದು ಈ ಎರಡನೆಯ ನೋಟವನ್ನು.

ಹಾಗಾಗಿ ತದ್ವಿರುದ್ಧ ಆದೇಶಗಳಲ್ಲಿ ವಿಚಿತ್ರವೇನೂ ಇಲ್ಲ. ಒಬ್ಬರು ನಿರ್ಧಾರದ ಹಿಂದಿನ ಉದ್ದೇಶ ನೋಡಿದರು, ಇನ್ನೊಬ್ಬರು ಕೊಟ್ಟ ಮಾತಿನ ಗಡಿ ನೋಡಿದರು. ಹಲವು ಕೆಳ ನ್ಯಾಯಾಲಯಗಳು ಎಚ್‌ಪಿ ದಾರಿಯನ್ನೇ ಹಿಡಿದಿವೆ. ಇದರಲ್ಲಿ ನೌಕರರು ಗೆದ್ದರೂ ಗೆಲುವು ಬಹುಕಾಲ ಬಾಳುವುದು ಕಷ್ಟ. ಆಯ್ಕೆ ಇರುವುದೇ ತೊಡಕಾದರೆ ಕಂಪನಿ ದಾಖಲೆಯನ್ನೇ ತಿದ್ದಿ, ಕೈತಪ್ಪಿದ ಹಣವೆಲ್ಲ ಕಂಪನಿಯ ಪಾಲಿಗೆ ಜಮೆ ಎಂದು ಬರೆದುಬಿಡಬಹುದು. ದಾಖಲೆ ತಿದ್ದುವುದು ಮಾಲೀಕನ ಕೆಲಸ, ಗೆರೆಯ ಆಚೆಗಿನದು. ಎರಿಸಾ ಎಲ್ಲಿ ಬಲವಾಗಿದೆ, ಎಲ್ಲಿ ಕೈಕಟ್ಟಿ ನಿಂತಿದೆ ಎಂಬುದು ಇಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದಿಲ್ಲ.

ವಿವೇಕವಿತ್ತು, ನಿಷ್ಠೆ ಇರಲಿಲ್ಲ

ಅಮೆರಿಕನ್ ಏರ್‌ಲೈನ್ಸ್ ಪ್ರಕರಣ ಬೇರೆ ದಿಕ್ಕಿನಿಂದ ಬಂದದ್ದು. ನಿಧಿಯ ಹಣ ನಿರ್ವಹಿಸುವ ಬ್ಲ್ಯಾಕ್‌ರಾಕ್ ಸಂಸ್ಥೆ, ಷೇರುದಾರರ ಸಭೆಗಳಲ್ಲಿ ಹವಾಮಾನದಂಥ ವಿಷಯಗಳನ್ನು ಮುಂದಿಟ್ಟು ಮತ ಹಾಕುವುದು ನೌಕರರ ಗಳಿಕೆಗೆ ಧಕ್ಕೆ ಎಂದು ಪೈಲಟ್ ಒಬ್ಬರು ದಾವೆ ಹೂಡಿದರು. 2025ರ ಜನವರಿಯಲ್ಲಿ ಟೆಕ್ಸಾಸ್‌ನ ನ್ಯಾಯಾಧೀಶ ರೀಡ್ ಓಕಾನರ್ ಕೊಟ್ಟ ತೀರ್ಪು ಹಲವರ ಹುಬ್ಬೇರಿಸಿತು. ಸಮಿತಿ ಉದ್ಯಮದ ರೂಢಿಯಂತೆಯೇ ನಡೆದುಕೊಂಡಿದೆ, ಆದ್ದರಿಂದ ವಿವೇಕದ ಹೊಣೆ ಮುರಿದಿಲ್ಲ. ಆದರೆ ಕಂಪನಿಯ ಸ್ವಂತ ಧೋರಣೆಯೂ, ದೊಡ್ಡ ಷೇರುದಾರನಾದ ಬ್ಲ್ಯಾಕ್‌ರಾಕ್ ಜೊತೆಗಿನ ನಂಟೂ ನಿಧಿಯ ಕೆಲಸದೊಳಗೆ ಬೆರೆತಿವೆ, ಆದ್ದರಿಂದ ನಿಷ್ಠೆಯ ಹೊಣೆ ಮುರಿದಿದೆ ಎಂದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹಣದ ಪರಿಹಾರ ನಿರಾಕರಿಸಿ, ನಿಧಿಯನ್ನು ಮುಂದೆ ನಡೆಸುವ ರೀತಿಗೆ ನಿರ್ಬಂಧಗಳನ್ನು ಹಾಕಿದರು. ನಷ್ಟ ಸಾಬೀತಾಗದಿದ್ದರೂ ತಪ್ಪು ತಪ್ಪೇ ಎಂಬ ನಿಲುವು ಇದು. ರಾಜಕೀಯವಾಗಿ ಬಲಪಂಥೀಯರು ಮೆಚ್ಚಿದ ಈ ತೀರ್ಪಿನ ತರ್ಕವನ್ನೇ ಹಿಡಿದು, ಕೈತಪ್ಪಿದ ಹಣದ ವಿಷಯದಲ್ಲಿ ನೌಕರರ ವಕೀಲರು ವಾದಿಸಬಹುದು. ಕಂಪನಿಯ ಹಿತ ನಿಧಿಯೊಳಗೆ ನುಸುಳಿತೇ ಎಂಬುದು ಎರಡಕ್ಕೂ ಸಾಮಾನ್ಯವಾದ ಪ್ರಶ್ನೆ.

ಕಂಪನಿಗಳ ಮಾತಿನಲ್ಲೂ ಹುರುಳಿದೆ

401(ಕೆ) ಕೊಡಲೇಬೇಕೆಂದು ಅಮೆರಿಕದ ಫೆಡರಲ್ ಕಾನೂನು ಯಾವ ಕಂಪನಿಗೂ ಹೇಳುವುದಿಲ್ಲ. ಕೊಡುವವರು ಸ್ವಇಚ್ಛೆಯಿಂದ ಕೊಡುತ್ತಾರೆ. ಒಳ್ಳೆಯದು ಮಾಡಲು ಹೋದವನ ಮೇಲೇ ದಾವೆ ಬೀಳುವುದಾದರೆ ಸಣ್ಣ ಕಂಪನಿಗಳು ಈ ಉಸಾಬರಿಯೇ ಬೇಡ ಎನ್ನುತ್ತವೆ ಎಂಬುದು ಅಮೆರಿಕದ ವಾಣಿಜ್ಯ ಮಂಡಳಿಯ ಬಹುದಿನದ ವಾದ. ಕಂಪನಿಯ ಹೆಸರು ಬದಲಿಸಿ ಉಳಿದುದನ್ನು ಹಾಗೇ ಇಟ್ಟ ದಾವೆಗಳು ಬರುತ್ತಿವೆ ಎಂಬ ದೂರೂ ಇದೆ. ರಾಜಿಯ ಹಣದಲ್ಲಿ ಮೂರನೇ ಒಂದು ಭಾಗದವರೆಗೆ ವಕೀಲರ ಶುಲ್ಕಕ್ಕೆ ಹೋಗುತ್ತದೆ. 60 ಲಕ್ಷ ಡಾಲರ್ ರಾಜಿಯಾಗಿ 20,000 ಜನರಿಗೆ ಹಂಚಬೇಕು ಎಂದುಕೊಂಡರೆ, ವಕೀಲರ ಪಾಲು ಕಳೆದು ತಲೆಗೆ ಸರಾಸರಿ 200 ಡಾಲರ್. ಹದಿಮೂರು ವರ್ಷ ಕಾದವರಿಗೆ ಅದು ದೊಡ್ಡದಲ್ಲ.

ಆದರೆ ದಾವೆಗಳ ನಿಜವಾದ ಫಲ ಈ ಚೆಕ್ಕುಗಳಲ್ಲಿ ಇಲ್ಲ. 401(ಕೆ) ಖಾತೆದಾರರು ಷೇರು ಫಂಡ್‌ಗಳಿಗೆ ಕೊಡುತ್ತಿದ್ದ ಸರಾಸರಿ ಶುಲ್ಕ 2000ದಲ್ಲಿ ಶೇ 0.77 ಇತ್ತು, 2023ರಲ್ಲಿ ಶೇ 0.31ಕ್ಕೆ ಇಳಿದಿತ್ತು. ಷೇರು ಸೂಚ್ಯಂಕವನ್ನೇ ಅನುಸರಿಸುವ ಇಂಡೆಕ್ಸ್ ಫಂಡ್‌ಗಳ ಏರಿಕೆ, ಪೈಪೋಟಿ, 2012ರಲ್ಲಿ ಬಂದ ಶುಲ್ಕ ಬಹಿರಂಗದ ನಿಯಮಗಳು ಇದಕ್ಕೆ ಕಾರಣವಾದವು. ನಾಳೆ ಕೋರ್ಟಿನಲ್ಲಿ ಉತ್ತರ ಕೊಡಬೇಕಾದೀತು ಎಂಬ ಅಳುಕೂ ಸಮಿತಿಗಳನ್ನು ಎಚ್ಚರವಾಗಿಟ್ಟಿತು. ದಾವೆ ಹೂಡದವರಿಗೂ ಇದರ ಲಾಭ ತಲುಪಿದೆ. ಹಿಂದೆ ತೋರಿಸಿದ 28 ಶೇಕಡಾದ ಲೆಕ್ಕ ನೆನೆದರೆ ಈ ಇಳಿಕೆಯ ಬೆಲೆ ತಿಳಿಯುತ್ತದೆ.

ಖಾಸಗಿ ಹೂಡಿಕೆಯ ಬಾಗಿಲು

2025ರ ಆಗಸ್ಟ್ 7ರ ಅಧ್ಯಕ್ಷರ ಆದೇಶ ಪ್ರೈವೇಟ್ ಇಕ್ವಿಟಿ (ಷೇರುಪೇಟೆಯಲ್ಲಿ ಇಲ್ಲದ ಖಾಸಗಿ ಕಂಪನಿಗಳಲ್ಲಿನ ಹೂಡಿಕೆ), ರಿಯಲ್ ಎಸ್ಟೇಟ್, ಕ್ರಿಪ್ಟೊ ಮುಂತಾದವಕ್ಕೆ 401(ಕೆ) ಬಾಗಿಲು ತೆರೆಯುವ ಉದ್ದೇಶದ್ದು. ಇವುಗಳ ಶುಲ್ಕ ಹೆಚ್ಚು, ದಿನನಿತ್ಯದ ಬೆಲೆ ಕಟ್ಟುವುದು ಕಷ್ಟ, ಬೇಕೆಂದಾಗ ಮಾರಲು ಆಗದು. ಇಪ್ಪತ್ತು ವರ್ಷದ ಮೊಕದ್ದಮೆಗಳು ಸಮಿತಿಗಳನ್ನು ಅಗ್ಗದ ಇಂಡೆಕ್ಸ್ ಫಂಡ್‌ಗಳ ಕಡೆಗೆ ತಳ್ಳಿದ್ದರೆ, ಈ ಆದೇಶ ಎಳೆಯುತ್ತಿರುವುದು ವಿರುದ್ಧ ದಿಕ್ಕಿಗೆ. ದಾವೆಯ ಭಯ ಇರುವವರೆಗೆ ಯಾವ ಸಮಿತಿಯೂ ಮುಂದೆ ಬರುವುದಿಲ್ಲ. ಖಾಸಗಿ ಹೂಡಿಕೆ ತೆರೆಯುವ ಆದೇಶದಲ್ಲೇ ದಾವೆಗಳನ್ನು ತಗ್ಗಿಸುವ ಮಾತೂ ಬಂದದ್ದು ಇದಕ್ಕೇ.

ಇಂಟೆಲ್ ಈ ದಾರಿಯಲ್ಲಿ ಮೊದಲೇ ನಡೆದಿತ್ತು. ನೌಕರರ ಫಂಡ್‌ಗಳಲ್ಲಿ ಹೆಜ್ ಫಂಡ್ (ನಾನಾ ಬಗೆಯ ಜಟಿಲ ತಂತ್ರಗಳಿಂದ ಹಣ ತೊಡಗಿಸುವ ಖಾಸಗಿ ನಿಧಿ) ಮತ್ತು ಪ್ರೈವೇಟ್ ಇಕ್ವಿಟಿ ಸೇರಿಸಿತ್ತು. ಷೇರುಪೇಟೆ ಏರುತ್ತಿದ್ದ ವರ್ಷಗಳಲ್ಲಿ ಅವು ಹಿಂದೆ ಬಿದ್ದವು ಎಂದು ದಾವೆ ಬಂತು. 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಇಂಟೆಲ್ ಪರ ನಿಂತಿತು: ಅಪಾಯ ತಗ್ಗಿಸುವ ಗುರಿಯ ಫಂಡ್ ಅನ್ನು ಸಾಮಾನ್ಯ ಷೇರು ಫಂಡ್ ಜೊತೆ ಹೋಲಿಸಿದರೆ ಸಾಲದು, ಅದೇ ಗುರಿಯ ಇನ್ನೊಂದು ಫಂಡ್ ತೋರಿಸಬೇಕು. ಕೇಳಲು ಸರಿಯೇ. ಆದರೆ ಅಂಥ ಮಿಶ್ರಣ ಬೇರೆ ಯಾರೂ ಮಾಡಿರದಿದ್ದರೆ ಹೋಲಿಕೆಗೆ ಏನನ್ನು ತರುವುದು? ಹೂಡಿಕೆ ವಿಚಿತ್ರವಾದಷ್ಟೂ ಪ್ರಶ್ನಿಸುವುದು ಕಷ್ಟವಾಗುತ್ತದೆ. ಅಧ್ಯಕ್ಷರ ಆದೇಶ ಕಾಯ್ದೆಯನ್ನು ಬದಲಿಸದು. ನಿಷ್ಠೆ ಮತ್ತು ವಿವೇಕದ ಹೊಣೆಗಳು 1974ರಲ್ಲಿ ಇದ್ದಂತೆಯೇ ಇವೆ. ಬದಲಾಗಬಹುದಾದದ್ದು ಇಲಾಖೆಯ ನಿಯಮಗಳು ಮತ್ತು ಅದು ಯಾರ ಬೆನ್ನಿಗೆ ನಿಲ್ಲುತ್ತದೆ ಎಂಬುದು.

ಮರಳಿ ಬಂದವರ ಖಾತೆ

ಕೆಲಸ ಬಿಟ್ಟು ಭಾರತಕ್ಕೆ ಬಂದ ಮೇಲೂ ಹಳೆಯ ಕಂಪನಿಯ ನಿಧಿಯಲ್ಲಿ ಹಣ ಉಳಿದಿದ್ದರೆ ಆ ವ್ಯಕ್ತಿ ಅದರ ಸದಸ್ಯನೇ. ವಿಶ್ವಸ್ತನ ಹೊಣೆ ಅವನಿಗೂ ಸಲ್ಲುತ್ತದೆ. ರಾಜಿಯಾದಾಗ ಹೋಗುವ ನೋಟಿಸ್ ಅಮೆರಿಕದ ಹಳೆಯ ವಿಳಾಸಕ್ಕೆ ಹೋಗಿ ಬಿದ್ದಿರಬಹುದು. ಆದ್ದರಿಂದ ಖಾತೆಯಲ್ಲಿ ವಿಳಾಸ ಮತ್ತು ಇಮೇಲ್ ಬದಲಿಸಿಡುವುದು ಅಗತ್ಯ. ಸಾಮೂಹಿಕ ವಜಾದಲ್ಲಿ ಕೆಲಸ ಕಳೆದುಕೊಂಡವರು ಇನ್ನೊಂದನ್ನು ನೋಡಬೇಕು. ಕಂಪನಿ ಐದರಲ್ಲಿ ಒಬ್ಬರಷ್ಟು ಇಲ್ಲವೇ ಅದಕ್ಕೂ ಹೆಚ್ಚು ಸದಸ್ಯರನ್ನು ಕೆಲಸದಿಂದ ತೆಗೆದಿದ್ದರೆ ಯೋಜನೆ ಭಾಗಶಃ ಮುಗಿದಂತೆ ಎಂದು ತೆರಿಗೆ ಇಲಾಖೆ ಸಾಮಾನ್ಯವಾಗಿ ಎಣಿಸುತ್ತದೆ. ಆಗ ತೆಗೆಯಲ್ಪಟ್ಟವರಿಗೆ ಕಂಪನಿಯ ಪಾಲಿನ ಮೇಲೆ ಪೂರ್ತಿ ಹಕ್ಕು ಬರುತ್ತದೆ.

ಎರಿಸಾ ಪ್ರತಿ ಸದಸ್ಯನಿಗೂ ಒಂದು ಸಣ್ಣ ಆಯುಧ ಕೊಟ್ಟಿದೆ. ಯೋಜನೆಯ ಮೂಲ ದಾಖಲೆ, ಅದರ ಸಾರಾಂಶ, ಸರ್ಕಾರಕ್ಕೆ ಸಲ್ಲಿಸಿದ ಇತ್ತೀಚಿನ ವಾರ್ಷಿಕ ವರದಿ, ಟ್ರಸ್ಟ್ ಒಪ್ಪಂದ ಇವುಗಳನ್ನು ಲಿಖಿತವಾಗಿ ಕೇಳಬಹುದು. 30 ದಿನದಲ್ಲಿ ಕೊಡದಿದ್ದರೆ ದಿನಕ್ಕೆ 110 ಡಾಲರ್‌ವರೆಗೆ ದಂಡ ಹಾಕುವ ಅಧಿಕಾರ ನ್ಯಾಯಾಲಯಕ್ಕಿದೆ. ಕೈತಪ್ಪಿದ ಹಣ ಎಲ್ಲಿಗೆ ಹೋಗುತ್ತದೆ, ಲೆಕ್ಕಪತ್ರಕ್ಕೆ ಎಷ್ಟು ತೆತ್ತಿದ್ದಾರೆ ಎಂಬುದು ಈ ಕಾಗದಗಳಲ್ಲಿ ಬಹುಮಟ್ಟಿಗೆ ಸಿಗುತ್ತದೆ. ಯಾಕೆ ತೆತ್ತರು, ಬೇರೆ ಯಾರನ್ನು ಕೇಳಿ ನೋಡಿದರು ಎಂಬುದು ಸಿಗುವುದಿಲ್ಲ. ಅದು ಸಮಿತಿಯ ನಡಾವಳಿಯಲ್ಲಿದೆ. ಈ ಕಲಮಿನಡಿ ನಡಾವಳಿಯನ್ನೂ ಕೊಡಿ ಎಂದು ಕೇಳಿದವರಿಗೆ ಕೋರ್ಟುಗಳು ಹೆಚ್ಚಾಗಿ ಇಲ್ಲ ಎಂದಿವೆ. ಅದನ್ನು ಓದಬೇಕಾದರೆ ಇಂದಿಗೂ ದಾವೆ ಹೂಡಿ, ಮೊದಲ ಹೊಸ್ತಿಲು ದಾಟಬೇಕು.